ಓದುಗರ ಪ್ರಶ್ನೆ, ನಮ್ಮ ಉತ್ತರ: ಡಾಕ್‌ಗೆ ಜೋಡಿಸಿದ ಮಾನಿಟರ್ ಏಕೆ ಬೆಳಗುವುದಿಲ್ಲ?

ಲ್ಯಾಪ್‌ಟಾಪ್‌ಗೆ ಒಂದೇ ಒಂದು ಕೇಬಲ್ ಸಿಕ್ಕಿಸಿದರೆ ಸಾಕು, ಮಾನಿಟರ್, ಕೀಬೋರ್ಡ್, ಇಂಟರ್‌ನೆಟ್, ಚಾರ್ಜಿಂಗ್ ಎಲ್ಲವೂ ಒಟ್ಟಿಗೆ ಬರುತ್ತವೆ ಎಂಬ ಅನುಕೂಲಕ್ಕಾಗಿ ಬಹಳಷ್ಟು ಮಂದಿ ಡಾಕಿಂಗ್ ಸ್ಟೇಷನ್ ಕೊಳ್ಳುತ್ತಿದ್ದಾರೆ. ಕೊಂಡ ಮೇಲೆ ಉಳಿದೆಲ್ಲವೂ ಸರಿಯಿದ್ದು ಮಾನಿಟರ್ ಮಾತ್ರ ಕೈಕೊಡುವುದು ಎಷ್ಟು ಸಾಮಾನ್ಯ ಎಂಬುದು ಈ ಬಾರಿ ಬಂದಿರುವ ಪತ್ರಗಳಿಂದಲೇ ತಿಳಿಯುತ್ತದೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಕಚೇರಿಯ ಹಳೆಯ ಲ್ಯಾಪ್‌ಟಾಪ್‌ಗೆ ಡಾಕ್ ಮೂಲಕ ಮಾನಿಟರ್ ಜೋಡಿಸಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಈಗ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ. ಅದೇ ಡಾಕ್‌ಗೆ ಸೇರಿಸಿದರೆ ಕೀಬೋರ್ಡ್, ಮೌಸ್ ಕೆಲಸ ಮಾಡುತ್ತವೆ, ಬ್ಯಾಟರಿಯೂ ಚಾರ್ಜ್ ಆಗುತ್ತದೆ, ಆದರೆ ಮಾನಿಟರ್‌ನಲ್ಲಿ ‘ನೋ ಸಿಗ್ನಲ್’ ಎಂದು ಬರುತ್ತದೆ. ಡಾಕ್ ಕೆಟ್ಟಿದೆಯೇ? — ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಅದೇ ಡಾಕ್, ಅದೇ ಕೇಬಲ್, ಅದೇ ಮಾನಿಟರ್ ಹಳೆಯ ಲ್ಯಾಪ್‌ಟಾಪ್‌ನೊಂದಿಗೆ ಸರಿಯಾಗಿ ನಡೆಯುತ್ತಿದ್ದವು ಎಂದಮೇಲೆ ಆ ಮೂರರ ಮೇಲೆ ಮೊದಲು ಅನುಮಾನ ಪಡಬೇಕಾಗಿಲ್ಲ. ಹೊಸ ಲ್ಯಾಪ್‌ಟಾಪ್‌ನ ಪೋರ್ಟನ್ನೇ ಮೊದಲು ನೋಡಬೇಕು.

2014ರಲ್ಲಿ ರೂಪುಗೊಂಡ ಯುಎಸ್‌ಬಿ-ಸಿ ಎಂಬುದು ಪೋರ್ಟಿನ ಆಕಾರದ ಹೆಸರೇ ಹೊರತು ಅದರ ಸಾಮರ್ಥ್ಯದ ಹೆಸರಲ್ಲ. ನೋಡಲು ಒಂದೇ ಥರ ಇರುವ ಎರಡು ಪೋರ್ಟ್‌ಗಳಲ್ಲಿ ಒಂದು ಕಡತಗಳನ್ನಷ್ಟೇ ಸಾಗಿಸಬಹುದು, ಇನ್ನೊಂದು ಅದರ ಜೊತೆಗೆ ಚಿತ್ರವನ್ನೂ ಸಾಗಿಸಬಹುದು. ಚಿತ್ರ ಸಾಗಬೇಕಾದರೆ ಆ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸೌಲಭ್ಯವಿರಬೇಕು, ಇಲ್ಲವೇ ಅದು ಅದೇ ಆಕಾರದ, ಇನ್ನೂ ವೇಗದ ಥಂಡರ್‌ಬೋಲ್ಟ್ ಪೋರ್ಟ್ ಆಗಿರಬೇಕು. ಚಾರ್ಜ್ ಆಗುವುದು ಬೇರೆಯೇ ಒಪ್ಪಂದದಿಂದ ನಡೆಯುವ ಕೆಲಸವಾದ್ದರಿಂದ, ಚಾರ್ಜ್ ಆಗುತ್ತಿದೆ ಎಂಬ ಮಾತ್ರಕ್ಕೆ ಚಿತ್ರವೂ ಬರಬೇಕೆಂದು ಹೇಳಲಾಗದು. ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಎರಡು ಯುಎಸ್‌ಬಿ-ಸಿ ಪೋರ್ಟ್ ಇದ್ದರೂ ಕೆಲವೊಮ್ಮೆ ಒಂದರಲ್ಲಿ ಮಾತ್ರ ಇರುತ್ತದೆ. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಸಾಮಾನ್ಯವಾಗಿ ಅದು ಥಂಡರ್‌ಬೋಲ್ಟ್. ಡಿ ಮತ್ತು ಪಿ ಅಕ್ಷರಗಳು ಒಂದಕ್ಕೊಂದು ಹೆಣೆದ ಗುರುತಿದ್ದರೆ ಅದು ಚಿತ್ರ ಸಾಗಿಸುವ ಪೋರ್ಟ್. ಗುರುತೇ ಇಲ್ಲದಿದ್ದರೆ, ಲ್ಯಾಪ್‌ಟಾಪ್‌ನ ಕೆಳಭಾಗದಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ವಿವರಪಟ್ಟಿಯಲ್ಲಿ ನೋಡುವುದು ಒಳ್ಳೆಯದು. ಒಂದೇ ಹೆಸರಿನಲ್ಲಿ ಮಾರಾಟವಾಗುವ ಎರಡು ಮಾದರಿಗಳಿಗೆ ಬೇರೆ ಬೇರೆ ಪೋರ್ಟ್‌ಗಳಿರುವುದುಂಟು, ಆದ್ದರಿಂದ ಹೆಸರನ್ನು ಮಾತ್ರ ನಂಬಬೇಡಿ.

ಸೌಲಭ್ಯ ಇಲ್ಲವೆಂದು ಖಚಿತವಾದರೆ ಡ್ರೈವರ್ (ಉಪಕರಣವನ್ನು ನಡೆಸುವ ತಂತ್ರಾಂಶ) ಹಾಕಿ, ಸೆಟ್ಟಿಂಗ್ ಬದಲಿಸಿ ಅದನ್ನು ಬರಿಸಲು ಸಾಧ್ಯವಿಲ್ಲ. ಆಗ ಎರಡು ದಾರಿಗಳಿವೆ. ಲ್ಯಾಪ್‌ಟಾಪ್‌ನಲ್ಲಿರುವ ಎಚ್‌ಡಿಎಂಐ ಪೋರ್ಟಿನಿಂದ ಮಾನಿಟರ್‌ಗೆ ನೇರವಾಗಿ ಒಂದು ಕೇಬಲ್ ಎಳೆದು ಉಳಿದ ಕೆಲಸಗಳಿಗೆ ಈಗಿನ ಡಾಕನ್ನೇ ಬಳಸುವುದು ಮೊದಲನೆಯದು. ಖರ್ಚಿಲ್ಲದ ಈ ದಾರಿಯನ್ನೇ ನಾನು ಮೊದಲು ಸೂಚಿಸುತ್ತೇನೆ. ಎರಡನೆಯದು, ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಡಾಕ್ ಕೊಳ್ಳುವುದು. ಅದು ಪರದೆಯ ಚಿತ್ರವನ್ನು ಲ್ಯಾಪ್‌ಟಾಪ್‌ನೊಳಗೇ ಸಂಕುಚಿತಗೊಳಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶದಂತೆ ಕಳುಹಿಸುವುದರಿಂದ ಪೋರ್ಟಿಗೆ ಚಿತ್ರದ ಸಾಮರ್ಥ್ಯ ಇರಬೇಕಾಗಿಲ್ಲ. ಆದರೆ ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು, ಪ್ರೊಸೆಸರ್ ಮೇಲೆ ಸ್ವಲ್ಪ ಭಾರವೂ ಬೀಳುತ್ತದೆ. ನಿಮ್ಮ ಲೆಕ್ಕದ ಹಾಳೆಗಳಿಗೆ ಅದು ಧಾರಾಳವಾಗಿ ಸಾಕು. ಆಟಗಳಿಗೆ, ವಿಡಿಯೊ ಸಂಕಲನಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಇದೇ ತೊಂದರೆಯಿರುವ ಇತರ ಓದುಗರಿಗಾಗಿ ಕೇಬಲ್ ಬಗ್ಗೆಯೂ ಒಂದು ಮಾತು ಹೇಳಬೇಕು. ನನ್ನದೇ ಮೇಜಿನ ಮೇಲೆ ಒಮ್ಮೆ ಇಡೀ ಒಂದು ಸಂಜೆ ಮಾನಿಟರ್ ಬರಲಿಲ್ಲ. ಡ್ರೈವರ್ ತೆಗೆದು ಹಾಕಿದೆ, ಡಾಕನ್ನು ಬೇರೆ ಪ್ಲಗ್ಗಿಗೆ ಹಾಕಿದೆ, ಕೊನೆಗೆ ನೋಡಿದರೆ ಡಾಕ್ ಜೊತೆ ಬಂದ ಕೇಬಲ್ ಬದಲು ಫೋನ್ ಚಾರ್ಜರ್‌ನ ಕೇಬಲ್ ಸಿಕ್ಕಿಸಿದ್ದೆ. ಚಾರ್ಜಿಂಗ್‌ಗೆಂದೇ ಕೊಡುವ ಬಹುಪಾಲು ಯುಎಸ್‌ಬಿ-ಸಿ ಕೇಬಲ್‌ಗಳಲ್ಲಿ ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸುವ ಹಳೆಯ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ; ಚಿತ್ರ ಸಾಗಿಸುವ ತಂತಿಗಳನ್ನು ಅವುಗಳೊಳಗೆ ಹಾಕಿಯೇ ಇರುವುದಿಲ್ಲ. ಕೀಬೋರ್ಡ್, ಮೌಸ್‌ಗಳಿಗೆ ಆ 480 ಮೆಗಾಬಿಟ್ ಬೇಕಾದಷ್ಟಾಯಿತು, ಹಾಗಾಗಿ ಅವು ಕೆಲಸ ಮಾಡುತ್ತಿದ್ದವು, ಆ ಕಾರಣಕ್ಕೇ ಕೇಬಲ್ ಮೇಲೆ ನನಗೆ ಅನುಮಾನ ಬರಲಿಲ್ಲ. ಅಂದಿನಿಂದ ಡಾಕ್‌ನ ಕೇಬಲ್‌ಗೆ ಒಂದು ಕೆಂಪು ದಾರ ಕಟ್ಟಿಟ್ಟಿದ್ದೇನೆ.

ಪ್ರಶ್ನೆ: ನನ್ನ 4ಕೆ ಮಾನಿಟರ್ ಡಾಕ್ ಮೂಲಕ ಬರುತ್ತದೆ, ಆದರೆ ಮೌಸ್‌ನ ಬಾಣ ಎಳೆದೆಳೆದು ಓಡಾಡಿದಂತೆ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ 30 ಹರ್ಟ್ಜ್ ಎಂದು ಮಾತ್ರ ಇದೆ, 60 ಇಲ್ಲವೇ ಇಲ್ಲ. ಲ್ಯಾಪ್‌ಟಾಪ್‌ನಿಂದ ನೇರವಾಗಿ ಜೋಡಿಸಿದರೆ 60 ಬರುತ್ತದೆ. — ಓದುಗರು, ಹುಬ್ಬಳ್ಳಿ

ಉತ್ತರ: ಇದು ಕೆಟ್ಟುಹೋದದ್ದರ ಲಕ್ಷಣವಲ್ಲ, ದಾರಿ ಇಕ್ಕಟ್ಟಾದದ್ದರ ಲಕ್ಷಣ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ, ಏಕೆಂದರೆ ಈ ಲೆಕ್ಕ ಗೊತ್ತಿದ್ದವರು ಹೊಸ ಡಾಕ್ ಕೊಳ್ಳುವಾಗ ಮೋಸ ಹೋಗುವುದಿಲ್ಲ.

4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳಿವೆ. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 60 ಸಲ, ಅಂದರೆ 60 ಹರ್ಟ್ಜ್‌ನಲ್ಲಿ, ಇಡೀ ಪರದೆಯನ್ನು ಹೊಸದಾಗಿ ಬರೆಯಬೇಕೆಂದರೆ ಸುಮಾರು 1,200 ಕೋಟಿ ಬಿಟ್, ಅಂದರೆ 12 ಗಿಗಾಬಿಟ್ ಸಾಗಬೇಕು. ಸಾಲು ಸಾಲಿನ ನಡುವಿನ ಬಿಡುವಿನ ಸಂಕೇತಗಳನ್ನೂ ಸೇರಿಸಿದರೆ ಹನ್ನೆರಡೂವರೆಯನ್ನು ದಾಟುತ್ತದೆ. ಇನ್ನು ದಾರಿಯ ಕಡೆ ನೋಡಿ. ಯುಎಸ್‌ಬಿ-ಸಿ ಪೋರ್ಟಿನೊಳಗೆ ವೇಗದ ಸಾಗಾಟಕ್ಕೆ ನಾಲ್ಕು ಪಥಗಳಿವೆ. ಸಾಧಾರಣ ಡಾಕ್‌ಗಳು ಅವುಗಳಲ್ಲಿ ಎರಡನ್ನು ಯುಎಸ್‌ಬಿ ದತ್ತಾಂಶಕ್ಕೆ ಬಿಟ್ಟುಕೊಟ್ಟು ಎರಡನ್ನು ಮಾತ್ರ ಚಿತ್ರಕ್ಕೆ ಇಟ್ಟುಕೊಳ್ಳುತ್ತವೆ. ಚಿತ್ರ ಸಾಗಿಸುವ ವಿಧಾನವಾದ ಡಿಸ್‌ಪ್ಲೇಪೋರ್ಟ್‌ನ 1.2 ಆವೃತ್ತಿಯ ವೇಗದಲ್ಲಿ ಒಂದೊಂದು ಪಥದ ಗರಿಷ್ಠ ವೇಗ 5.4 ಗಿಗಾಬಿಟ್ ಇದ್ದರೂ ಸಂಕೇತೀಕರಣಕ್ಕೆ ಹೋಗುವುದನ್ನು ಕಳೆದರೆ ಚಿತ್ರಕ್ಕೆ ದಕ್ಕುವುದು 4.32. ಎರಡು ಪಥಗಳಿಗೆ 8.64. ಹನ್ನೆರಡೂವರೆ ಅದರಲ್ಲಿ ಹಿಡಿಸುವುದಿಲ್ಲ. 30 ಹರ್ಟ್ಜ್‌ಗೆ ಬೇಕಾದ ಆರು ಚಿಲ್ಲರೆ ಗಿಗಾಬಿಟ್ ಹಿಡಿಸುತ್ತದೆ. ಆದ್ದರಿಂದ ಸೆಟ್ಟಿಂಗ್ಸ್ ನಿಮಗೆ 60 ಅನ್ನು ತೋರಿಸುವುದೇ ಇಲ್ಲ. ನೇರವಾಗಿ ಜೋಡಿಸಿದಾಗ ನಾಲ್ಕೂ ಪಥಗಳು ಮಾನಿಟರ್‌ಗೇ ಸಿಗುವುದರಿಂದ 60 ಸರಾಗವಾಗಿ ಬರುತ್ತದೆ.

ಲ್ಯಾಪ್‌ಟಾಪ್ ಮತ್ತು ಡಾಕ್ ಎರಡೂ ಡಿಸ್‌ಪ್ಲೇಪೋರ್ಟ್ 1.4ರ ಹೆಚ್ಚಿನ ವೇಗಕ್ಕೆ ಹೊಂದುವಂತಿದ್ದರೆ ಎರಡೇ ಪಥಗಳಲ್ಲಿ 12.96 ಗಿಗಾಬಿಟ್ ಸಿಗುತ್ತದೆ, 4ಕೆ 60 ಹರ್ಟ್ಜ್ ಅದರಲ್ಲಿ ಇನ್ನೇನು ತುಂಬಿತು ಎನ್ನುವಷ್ಟರಲ್ಲಿ ಹಿಡಿಸುತ್ತದೆ. ಕೆಲವು ಡಾಕ್‌ಗಳಲ್ಲಿ ನಾಲ್ಕೂ ಪಥಗಳನ್ನು ಚಿತ್ರಕ್ಕೆ ಕೊಡುವ ಆಯ್ಕೆಯಿದೆ, ಆದರೆ ಆಗ ಡಾಕ್‌ಗೆ ಹಾಕಿದ ಹಾರ್ಡ್‌ಡಿಸ್ಕ್ ಯುಎಸ್‌ಬಿ 2.0ರ ವೇಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುವ ಥಂಡರ್‌ಬೋಲ್ಟ್ ಡಾಕ್ ಈ ಇಕ್ಕಟ್ಟನ್ನು ಬಹುಮಟ್ಟಿಗೆ ನಿವಾರಿಸುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಇದ್ದರೆ ಮಾತ್ರ. ದುಡ್ಡು ಖರ್ಚು ಮಾಡುವ ಮೊದಲು ಇನ್ನೆರಡು ವಿಷಯ ನೋಡಿಕೊಳ್ಳಿ. ಡಾಕ್‌ನ ಎಚ್‌ಡಿಎಂಐ ಪೋರ್ಟ್ 1.4ರದ್ದಾಗಿದ್ದರೆ 4ಕೆಯಲ್ಲಿ 30 ಹರ್ಟ್ಜ್‌ಗಿಂತ ಮೇಲೆ ಹೋಗಲಾರದು, ಡಿಸ್‌ಪ್ಲೇಪೋರ್ಟ್ ಕಿಂಡಿಯಿದ್ದರೆ ಅದನ್ನು ಬಳಸಿ ನೋಡಿ. ಮಾನಿಟರ್‌ನ ಸ್ವಂತ ಮೆನುವಿನಲ್ಲೂ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಆವೃತ್ತಿಯ ಆಯ್ಕೆ ಹಳೆಯದಕ್ಕೆ ನಿಂತಿರುವುದುಂಟು.

ಇದಾವುದೂ ಆಗದಿದ್ದರೆ 2,560 ಅಡ್ಡ, 1,440 ಉದ್ದಕ್ಕೆ ಇಳಿಸಿ 60 ಹರ್ಟ್ಜ್ ಇಟ್ಟುಕೊಳ್ಳಿ. ಅದಕ್ಕೆ ಆರು ಗಿಗಾಬಿಟ್‌ಗಿಂತ ಕಡಿಮೆ ಸಾಕು. ಇಡೀ ದಿನ ಪರದೆಯ ಮುಂದೆ ಕೂರುವವರಿಗೆ ಎಳೆದಾಡುವ 4ಕೆಗಿಂತ ಅದೇ ಹಿತ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಡಾಕ್‌ಗೆ ಎರಡು ಮಾನಿಟರ್ ಜೋಡಿಸಿದ್ದೇನೆ. ಮಗನ ವಿಂಡೋಸ್ ಲ್ಯಾಪ್‌ಟಾಪ್ ಸೇರಿಸಿದರೆ ಎರಡರಲ್ಲೂ ಬೇರೆ ಬೇರೆ ಚಿತ್ರ ಬರುತ್ತದೆ. ನನ್ನ ಮ್ಯಾಕ್‌ಬುಕ್ ಸೇರಿಸಿದರೆ ಎರಡರಲ್ಲೂ ಒಂದೇ ಚಿತ್ರ. ಯಾವ ಸೆಟ್ಟಿಂಗ್ ಬದಲಿಸಬೇಕು? — ಓದುಗರು, ಮಂಗಳೂರು

ಉತ್ತರ: ಬದಲಿಸಬಹುದಾದ ಸೆಟ್ಟಿಂಗ್ ಇಲ್ಲವೆಂದು ವಿಷಾದದಿಂದಲೇ ಹೇಳಬೇಕಾಗಿದೆ. ಒಂದೇ ಡಿಸ್‌ಪ್ಲೇಪೋರ್ಟ್ ಸಂಕೇತದೊಳಗೆ ಹಲವು ಪರದೆಗಳ ಚಿತ್ರಗಳನ್ನು ಕಟ್ಟಿ ಕಳುಹಿಸುವ ಎಂಎಸ್‌ಟಿ ಎಂಬ ವಿಧಾನ 2010ರ ಡಿಸ್‌ಪ್ಲೇಪೋರ್ಟ್ 1.2ರೊಂದಿಗೆ ಬಂತು. ನಿಮ್ಮ ಡಾಕ್ ಎರಡು ಮಾನಿಟರ್ ನಡೆಸುವುದು ಆ ವಿಧಾನದಿಂದ. ವಿಂಡೋಸ್ ಅದನ್ನು ಬಳಸಿಕೊಂಡು ಪರದೆಯನ್ನು ವಿಸ್ತರಿಸುತ್ತದೆ, ಮ್ಯಾಕ್ ಓಎಸ್ ಬಳಸುವುದಿಲ್ಲ. ಆದ್ದರಿಂದ ಮ್ಯಾಕ್‌ಗೆ ಡಾಕ್‌ನ ಹಿಂದೆ ಒಂದೇ ಪರದೆ ಕಾಣುತ್ತದೆ, ಡಾಕ್ ಅದನ್ನೇ ಎರಡೂ ಕಡೆ ತೋರಿಸುತ್ತದೆ.

ನಿಮ್ಮದು ಯಾವ ವರ್ಷದ ಮಾದರಿ ಎಂಬುದನ್ನೂ ನೋಡಬೇಕು. ಎಂ1 ಮತ್ತು ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್‌ಗಳು ಹೊರಗಿನ ಒಂದೇ ಮಾನಿಟರ್‌ಗೆ ಮಿತಿಗೊಂಡಿವೆ. 2024ರ ಎಂ3 ಏರ್ ಮುಚ್ಚಳ ಮುಚ್ಚಿದ್ದಾಗ ಎರಡನ್ನು ನಡೆಸುತ್ತದೆ, 2025ರ ಎಂ4 ಏರ್ ಮುಚ್ಚಳ ತೆರೆದಿದ್ದರೂ ಎರಡನ್ನು ನಡೆಸುತ್ತದೆ. ಎರಡನ್ನು ನಡೆಸುವ ಮ್ಯಾಕ್ ನಿಮ್ಮಲ್ಲಿದ್ದರೆ, ಎರಡನೆಯ ಮಾನಿಟರ್ ಅನ್ನು ಡಾಕ್‌ನಿಂದ ಬಿಡಿಸಿ ಲ್ಯಾಪ್‌ಟಾಪ್‌ನ ಇನ್ನೊಂದು ಪೋರ್ಟಿಗೆ ನೇರವಾಗಿ ಸಿಕ್ಕಿಸಿದರೆ ಕೆಲಸ ಮುಗಿಯಿತು. ಒಂದನ್ನೇ ನಡೆಸುವಂಥದ್ದಾದರೆ ಉಳಿಯುವುದು ಮೈಸೂರಿನ ಓದುಗರಿಗೆ ಹೇಳಿದ ಡಿಸ್‌ಪ್ಲೇಲಿಂಕ್ ದಾರಿ. ಮ್ಯಾಕ್‌ನಲ್ಲಿ ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಬೇಕಾಗುತ್ತದೆ. ಕೊಡದಿದ್ದರೆ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ, ಕೊಟ್ಟ ಮೇಲೆ ಹಕ್ಕು ರಕ್ಷಣೆಯುಳ್ಳ ಸಿನಿಮಾಗಳ ಜಾಗದಲ್ಲಿ ಕಪ್ಪು ಚೌಕ ಕಾಣಿಸಿಕೊಳ್ಳಬಹುದು. ಇದು ಕಳ್ಳ ತಂತ್ರಾಂಶದ ಲಕ್ಷಣವೆಂದು ಹೆದರಬೇಡಿ.

ಪ್ರಶ್ನೆ: ನಾನು ಕುರ್ಚಿಯಿಂದ ಎದ್ದಾಗಲೆಲ್ಲ ಮಾನಿಟರ್ ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಮನೆಯವರು ಇದು ನನ್ನ ಭ್ರಮೆ ಎನ್ನುತ್ತಾರೆ. ಡಾಕ್ ಬದಲಿಸಿಯೂ ನೋಡಿದೆ, ಪ್ರಯೋಜನವಾಗಲಿಲ್ಲ. — ಓದುಗರು, ಕಲಬುರಗಿ

ಉತ್ತರ: ಭ್ರಮೆಯಲ್ಲ. ಎತ್ತರ ಏರಿಳಿಸುವ ಗ್ಯಾಸ್ ಕಂಬದ ಕುರ್ಚಿಯಿಂದ ಎದ್ದಾಗ ಅಥವಾ ಅದರ ಮೇಲೆ ಕೂತಾಗ ಸ್ಥಿರ ವಿದ್ಯುತ್ತು ಕುರ್ಚಿಯ ಲೋಹದ ಭಾಗಗಳ ನಡುವೆ ಸಿಡಿಯುತ್ತದೆ. ಕಣ್ಣಿಗೆ ಕಾಣದ ಆ ಸಿಡಿತದಿಂದ ಹೊಮ್ಮುವ ರೇಡಿಯೊ ಅಲೆಯನ್ನು ಮಾನಿಟರ್‌ನ ಕೇಬಲ್ ಆಂಟೆನಾದಂತೆ ಹಿಡಿದುಬಿಡುತ್ತದೆ. ಸಂಕೇತ ಕ್ಷಣಕಾಲ ಕದಡಿ, ಮಾನಿಟರ್ ಸಂಪರ್ಕವನ್ನು ಮತ್ತೆ ಮೊದಲಿನಿಂದ ಕುದುರಿಸಿಕೊಳ್ಳುತ್ತದೆ. ಆ ಎರಡು ಮೂರು ಸೆಕೆಂಡಿನ ಕತ್ತಲೆ ಅದೇ. ಗಾಳಿ ಒಣಗಿದಷ್ಟೂ ಸ್ಥಿರ ವಿದ್ಯುತ್ತು ಹೆಚ್ಚು ಕೂಡುತ್ತದೆ, ಆದ್ದರಿಂದ ನಿಮ್ಮ ಕಡೆಯ ಬೇಸಿಗೆಯಲ್ಲಿ ಇದು ಕರಾವಳಿಗಿಂತ ಹೆಚ್ಚು ಕಾಡುವುದು ಸಹಜ. ಫ್ಯಾನ್ ಸ್ವಿಚ್ ಒತ್ತಿದಾಗ, ಮಿಕ್ಸಿ ಹಾಕಿದಾಗ ಪರದೆ ಮಿಟುಕುವುದಕ್ಕೂ ಕಾರಣ ಇದೇ ಬಗೆಯದು.

ಮೊದಲು ಮರದ ಕುರ್ಚಿಯ ಮೇಲೆ ಒಂದು ದಿನ ಕೂತು ಕೆಲಸ ಮಾಡಿ. ತೊಂದರೆ ನಿಂತರೆ ಕಾರಣ ಖಚಿತವಾಯಿತು, ಮನೆಯವರಿಗೂ ತೋರಿಸಿದಂತಾಯಿತು. ಬಳಿಕ ಅಗತ್ಯಕ್ಕಿಂತ ಉದ್ದವಿರುವ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆದು, ಒಳ್ಳೆಯ ಲೋಹದ ಹೊದಿಕೆಯುಳ್ಳ ಚಿಕ್ಕ ಕೇಬಲ್ ಹಾಕಿ. ವಿದ್ಯುತ್ ವೈರ್‌ಗಳ ಜೊತೆ ಅದನ್ನು ಸುತ್ತಿ ಕಟ್ಟಬೇಡಿ. ಎರಡೂ ತುದಿಗೆ ಫೆರೈಟ್ ಮಣಿ (ಇಂಥ ಅಲೆಗಳನ್ನು ತಗ್ಗಿಸಲು ಕೇಬಲ್ ಸುತ್ತ ಹಾಕುವ ದಪ್ಪ ಉಂಗುರ) ಹಾಕಿದರೂ ಉಪಯೋಗವಾಗುತ್ತದೆ.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಕೈಗೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿರಬಹುದು. ಇದು ಮಾನಿಟರ್‌ಗಿಂತ ದೊಡ್ಡ ವಿಷಯ, ಜೀವದ ವಿಷಯ. ದಯವಿಟ್ಟು ಈ ವಾರವೇ ಎಲೆಕ್ಟ್ರೀಷಿಯನ್ ಅವರನ್ನು ಕರೆಸಿ ನೋಡಿಸಿ.

ಪ್ರಶ್ನೆ: ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವಾಗ ಲ್ಯಾಪ್‌ಟಾಪ್ ನಡೆಯುತ್ತಲೇ ಇರುತ್ತದೆ, ಆದರೆ ಎರಡೂ ಮಾನಿಟರ್ ಆರಿಹೋಗುತ್ತವೆ. ಕೆಲವೊಮ್ಮೆ ಒಂದು ಮರಳಿ ಬರುವುದೇ ಇಲ್ಲ. ಬಂದರೂ ತೆರೆದಿಟ್ಟ ಕಿಟಕಿಗಳೆಲ್ಲ ಒಂದೇ ಪರದೆಗೆ ಬಂದು ಗುಡ್ಡೆಯಾಗಿರುತ್ತವೆ. — ಓದುಗರು, ಹಾಸನ

ಉತ್ತರ: ಲ್ಯಾಪ್‌ಟಾಪ್‌ಗೆ ಸ್ವಂತ ಬ್ಯಾಟರಿಯಿದೆ, ಡಾಕ್‌ಗೆ ಇಲ್ಲ. ಇನ್ವರ್ಟರ್ ಕೈ ಬದಲಿಸುವ ಸೆಕೆಂಡಿನ ಸಣ್ಣ ಭಾಗದಲ್ಲೇ ಡಾಕ್ ಸತ್ತು ಹುಟ್ಟುತ್ತದೆ. ನಿಮ್ಮ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಎಂಬ ಗುಂಡಿ ಇದ್ದರೆ ಅದಕ್ಕೆ ಬದಲಿಸಿ, ಕೈ ಬದಲಿಸುವುದು ಬೇಗನೆ ನಡೆಯುತ್ತದೆ. ಆದರೆ ವೋಲ್ಟೇಜ್ ಪದೇ ಪದೇ ಕುಸಿಯುವ ಊರಿನಲ್ಲಿ ಈ ಮೋಡ್‌ನಲ್ಲಿ ಇನ್ವರ್ಟರ್ ಆಗಾಗ ಬ್ಯಾಟರಿಗೆ ಹಾರುತ್ತದೆ ಎಂಬುದು ನೆನಪಿರಲಿ. ಡಾಕ್ ಮತ್ತು ಮಾನಿಟರ್‌ಗಳಿಗೆಂದೇ ಒಂದು ಚಿಕ್ಕ ಯುಪಿಎಸ್ ಇಡುವುದು ಇನ್ನೂ ಭದ್ರ.

ಒಂದು ಮಾನಿಟರ್ ಮರಳಿ ಬಾರದಿದ್ದಾಗ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುವ ಮುನ್ನ ಡಾಕನ್ನೇ ಪೂರ್ತಿಯಾಗಿ ಆರಿಸಿ. ಅಂದರೆ ಲ್ಯಾಪ್‌ಟಾಪ್‌ನಿಂದ ಕೇಬಲ್ ತೆಗೆದು, ಡಾಕ್‌ನ ಅಡಾಪ್ಟರನ್ನೂ ಗೋಡೆಯಿಂದ ಕಿತ್ತು ಅರ್ಧ ನಿಮಿಷ ಬಿಡಬೇಕು. ಒಳಗೆ ಉಳಿದ ವಿದ್ಯುತ್ತು ಇಳಿದರೆ ಮಾತ್ರ ಅದರ ಚಿಪ್‌ಗಳು ಹೊಸದಾಗಿ ಆರಂಭವಾಗುತ್ತವೆ. ಮತ್ತೆ ಜೋಡಿಸುವಾಗ ಮೊದಲು ಮಾನಿಟರ್‌ಗಳು, ಆಮೇಲೆ ಡಾಕ್, ಕೊನೆಗೆ ಲ್ಯಾಪ್‌ಟಾಪ್. ಕಿಟಕಿಗಳ ಗುಡ್ಡೆಗೆ ವಿಂಡೋಸ್ 11ರಲ್ಲಿ ಪರಿಹಾರವಿದೆ: ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್ ಎಂಬಲ್ಲಿಗೆ ಹೋಗಿ, ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ಕಿಟಕಿಗಳ ಜಾಗವನ್ನು ನೆನಪಿಡುವ ಆಯ್ಕೆಗೆ ಗುರುತು ಹಾಕಿ.

ಪ್ರಶ್ನೆ: ಶಾಲೆಯಲ್ಲಿ ಡಾಕ್ ಮೂಲಕ ದೊಡ್ಡ ಟಿ.ವಿ.ಗೆ ಜೋಡಿಸಿ ಪಾಠ ತೋರಿಸುತ್ತೇನೆ. ಅಂಚಿನ ಅಕ್ಷರಗಳು ಕತ್ತರಿಸಿ ಹೋಗುತ್ತವೆ, ಒತ್ತಕ್ಷರಗಳು ಮಸುಕಾಗಿ ಮಕ್ಕಳಿಗೆ ಓದಲಾಗುತ್ತಿಲ್ಲ. — ಶಿಕ್ಷಕಿ, ಚಿತ್ರದುರ್ಗ

ಉತ್ತರ: ಟಿ.ವಿ.ಗಳು ಬರುವ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಕತ್ತರಿಸುವುದು ಹಳೆಯ ಪ್ರಸಾರದ ಕಾಲದಿಂದ ಬಂದ ಅಭ್ಯಾಸ. ಟಿ.ವಿ.ಯ ಚಿತ್ರ ಗಾತ್ರದ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಎಂಬ ಹೆಸರಿನ ಆಯ್ಕೆ ಇರುತ್ತದೆ, ಅದನ್ನು ಆರಿಸಿದರೆ ಅಂಚು ಮರಳಿ ಬರುತ್ತದೆ. ಮಸುಕಿಗೆ ಕಾರಣ ಬೇರೆ. ದಾರಿಯ ಇಕ್ಕಟ್ಟಿನಿಂದಾಗಿ ಅಥವಾ ಟಿ.ವಿ.ಯ ಸ್ವಭಾವದಿಂದಾಗಿ ನಾಲ್ಕು ಚುಕ್ಕಿಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಉಳಿಯುವ ವಿಧಾನ ಅಲ್ಲಿ ಜಾರಿಯಲ್ಲಿರುತ್ತದೆ. ಸಿನಿಮಾ ನೋಡುವಾಗ ಅದು ತಿಳಿಯುವುದಿಲ್ಲ, ಆದರೆ ಅಕ್ಷರದ ಕೆಳಗೆ ಚಿಕ್ಕದಾಗಿ ಕೂರುವ ನಮ್ಮ ಒತ್ತುಗಳು, ಅದರಲ್ಲೂ ಬಣ್ಣದ ಹಿನ್ನೆಲೆಯ ಮೇಲೆ ಬಣ್ಣದಲ್ಲಿ ಬರೆದವು, ಕಲಸಿಹೋಗುತ್ತವೆ. ಟಿ.ವಿ.ಯಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಹಲವು ಮಾದರಿಗಳಲ್ಲಿ ಇದು ಸರಿಹೋಗುತ್ತದೆ. ಆಗಲೂ ಸರಿಯಾಗದಿದ್ದರೆ ರಿಫ್ರೆಶ್ ದರವನ್ನು 30 ಹರ್ಟ್ಜ್‌ಗೆ ಇಳಿಸಿ. ನಿಂತ ಪುಟಗಳ ಪಾಠಕ್ಕೆ ಅಷ್ಟು ವೇಗ ಬೇಕಿಲ್ಲ, ಬಣ್ಣದ ಮಾಹಿತಿ ಪೂರ್ತಿ ಸಾಗಲು ಅದರಿಂದ ಜಾಗ ಸಿಗುತ್ತದೆ. ಅಲ್ಲಿಯವರೆಗೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳನ್ನೇ ಬಳಸಿ, ಆ ಜೋಡಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ಡಾಕ್‌ನ ಮಾನಿಟರ್ ಕಾಣಿಸುತ್ತಿಲ್ಲ. — ಓದುಗರು, ದಾವಣಗೆರೆ

ಉತ್ತರ: ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಆಯ್ಕೆಯಾಗಿದೆಯೇ ನೋಡಿ. ಆಗಿದ್ದೂ ಬಾರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳನ್ನು ಹಿಡಿದು ಬಿ ಒತ್ತಿ. ಪರದೆ ಒಮ್ಮೆ ಮಿಟುಕಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಆರಂಭವಾಗುತ್ತದೆ, ತೆರೆದ ಕಡತಗಳಿಗೆ ಅಪಾಯವಿಲ್ಲ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದನ್ನು ಬಿಡಿಸಿ. ಅಲ್ಲಿ ನಿಮ್ಮ ಗ್ರಾಫಿಕ್ಸ್ ಚಿಪ್‌ನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಅಪ್‌ಡೇಟ್ ವೇಳೆ ಡ್ರೈವರ್ ಕಳಚಿಹೋಗಿದೆ ಎಂದರ್ಥ, ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಅದನ್ನು ಮತ್ತೆ ಹಾಕಿಕೊಳ್ಳಬೇಕು. ಹೆಸರು ಸರಿಯಾಗಿಯೇ ಇದ್ದರೆ ಅದರ ಗುಣಗಳ ಪುಟದಲ್ಲಿರುವ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಿಂದಿನ ಆವೃತ್ತಿಗೆ ಮರಳಿ ನೋಡಿ. ಡಾಕ್‌ನ ಫರ್ಮ್‌ವೇರ್ (ಅದರೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಹೊಸದು ಬಂದಿದ್ದರೆ ಅದನ್ನೂ ಹಾಕಬಹುದು, ಆದರೆ ಇವೆಲ್ಲವನ್ನೂ ಒಂದೇ ಸಲಕ್ಕೆ ಮಾಡಬೇಡಿ. ಯಾವುದರಿಂದ ಸರಿಹೋಯಿತೆಂದು ತಿಳಿಯದಿದ್ದರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಫರ್ಮ್‌ವೇರ್ ಹಾಕುವಾಗ ಕರೆಂಟ್ ಹೋಗದ ಹೊತ್ತನ್ನು ಆರಿಸಿಕೊಳ್ಳಿ, ಅರ್ಧಕ್ಕೆ ನಿಂತರೆ ಡಾಕ್ ನಿಜವಾಗಿಯೂ ಕೆಟ್ಟುಹೋಗಬಹುದು.